ಕಡಲಿಗೆ ಹೊಡೆದ ಚೆಂಡು

ಪೆಸಿಫಿಕ್ ಸಾಗರದ ಸಮೋವಾ ದ್ವೀಪದೇಶದ ಕರಾವಳಿ ಹಳ್ಳಿಯೊಂದಕ್ಕೆ ನಾನು ಗಣಿತದ ಟೀಚರಾಗಿ ಹೊರಟಾಗ, ಆ ದೇಶ ಭೂಪಟದಲ್ಲಿ ಎಲ್ಲಿದೆಯೆಂದು ದಕ್ಷಿಣ ಕನ್ನಡದ ವಾಮದಪದವಿನ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೋಗಿ ನೋಡಿದರೆ ತೆಂಗು, ಬಾಳೆ, ಕೆಸು, ಜೀಗುಜ್ಜೆ ಎನ್ನುವ ದೀವಿಹಲಸು ಎಲ್ಲ ನಮ್ಮಲ್ಲಿಯಂತೆಯೇ. ಹಳೆಯ ಮನೆಗಳಿಗೆ ಮಾತ್ರ ಗೋಡೆಯೇ ಇಲ್ಲ; ಕಂಬಗಳ ನಡುವೆ ಕೂತು ಉಣ್ಣುವವರು ದಾರಿಯಲ್ಲಿ ಹೋಗುವವರನ್ನೂ ಊಟಕ್ಕೆ ಕರೆಯುತ್ತಿದ್ದರು.

ನಾನು ಬಾಡಿಗೆಗಿದ್ದ ಮನೆಯ ಒಡತಿ ಊರಿನ ಹೆಂಗಸರ ಕ್ರಿಕೆಟ್ ತಂಡದ ನಾಯಕಿ. ಅವರ ಕ್ರಿಕೆಟ್ ಬೇರೆಯೇ. ಬ್ಯಾಟಿಗೆ ಮೂರು ಮುಖ, ಚೆಂಡು ಗಟ್ಟಿ ರಬ್ಬರಿನದು. ಎತ್ತ ಚಿಮ್ಮುತ್ತದೆಂದು ಹೊಡೆದವರಿಗೂ ತಿಳಿಯುವುದಿಲ್ಲ.

ಪಕ್ಕದ ಹಳ್ಳಿಯ ಜೊತೆ ಪಂದ್ಯವಿದ್ದ ಶನಿವಾರ ನಮ್ಮ ಕಡೆಯ ಒಬ್ಬಳ ಕಾಲು ಉಳುಕಿತು. ಗೆಲ್ಲಲು ಎರಡೇ ಓಟ ಬೇಕಿತ್ತು, ಆಡಲು ಯಾರೂ ಉಳಿದಿರಲಿಲ್ಲ. ಒಡತಿ ಬಂದು ಬ್ಯಾಟನ್ನು ನನ್ನ ಕೈಗಿಟ್ಟರು.

"ನನಗೆ ಆಡಲಿಕ್ಕೆ ಬರುವುದಿಲ್ಲ," ಎಂದೆ. ಸುಳ್ಳಲ್ಲ. ಚಿಕ್ಕಂದಿನಲ್ಲಿ ಅಣ್ಣಂದಿರು ಗದ್ದೆಯಲ್ಲಿ ಆಡುವಾಗ ನನ್ನ ಪಾಲಿಗಿದ್ದುದು ತೋಡಿಗೆ ಬಿದ್ದ ಚೆಂಡು ಹೆಕ್ಕಿ ಕೊಡುವ ಕೆಲಸ.

"ಬೀಸಲಿಕ್ಕೆ ಬರುತ್ತದಲ್ಲ ಟೀಚರ್? ಅಷ್ಟು ಸಾಕು."

ಮೊದಲ ಚೆಂಡು ನನ್ನ ಮೊಣಕಾಲಿನ ಪಕ್ಕದಿಂದಲೇ ಹಾರಿಹೋಯಿತು. ಎದುರು ತಂಡದವರು ಸಾಲಾಗಿ ನಿಂತು ಚಪ್ಪಾಳೆ ತಟ್ಟಿ ಕುಣಿದರು. ನಮ್ಮೂರಿನವರಿಗೆ ನಗು ತಡೆಯಲಾಗಲಿಲ್ಲ, ನನ್ನ ತರಗತಿಯ ಮಕ್ಕಳಿಗೂ. ನನಗೆ ಸಿಟ್ಟು ಬಂತು. ಎರಡನೆಯದಕ್ಕೆ ಕಣ್ಣು ಬಿಟ್ಟುಕೊಂಡೇ, ಒಲೆಗೆ ತೆಂಗಿನ ಮಡಲಿನ ಕೊತ್ತಳಿಗೆ ಸೀಳುವ ಹಾಗೆ ಬೀಸಿದೆ. ಚೆಂಡು ದಡದ ತೆಂಗಿನ ತಲೆ ದಾಟಿ ನೀರಿಗೆ ಬಿತ್ತು!

"ಓಡು!" ಎಂದು ಇಡೀ ಊರೇ ಕೂಗಿತು. ಅಲ್ಲಿಯ ಹೆಂಗಸರಂತೆ ಉಟ್ಟಿದ್ದ, ಜಾರುತ್ತಿದ್ದ ಲುಂಗಿಯನ್ನು ಒಂದು ಕೈಯಲ್ಲಿ ಹಿಡಿದು ಓಡಿದೆ, ತಿರುಗಿ ಮತ್ತೆ ಓಡಿದೆ. ಎದುರಾಳಿ ಹುಡುಗಿ ಸೊಂಟದವರೆಗಿನ ನೀರಿನಲ್ಲಿ ಇನ್ನೂ ಚೆಂಡು ಹುಡುಕುತ್ತಿದ್ದಳು. ಒಡತಿ ನನ್ನನ್ನು ಮಗುವಿನಂತೆ ಎತ್ತಿಕೊಂಡರು. ಯಾರೋ ಬಿಸ್ಕತ್ತಿನ ಡಬ್ಬ ಬಡಿದರು, ಹಾಡು ಎದ್ದಿತು.

ಸಂಜೆ ಅಮ್ಮನಿಗೆ ಫೋನ್ ಮಾಡಿದೆ. ವಾಮದಪದವಿನಲ್ಲಿ ಇನ್ನೂ ಮಧ್ಯಾಹ್ನದ ಊಟವಾಗಿರಲಿಲ್ಲ.

"ಈ ಪ್ರಾಯದಲ್ಲಿ ಎಂತದು ಮಾರಾಯ್ತಿ ನಿನ್ನದು! ಬಿದ್ದು ಕೈಕಾಲು ಮುರಿದಿದ್ದರೆ?" ಬೈದಾದ ಮೇಲೆ ಅಮ್ಮ ಕೇಳಿದರು, "ಗೆದ್ದದ್ದು ಹೌದಾ?"

"ಹೌದಮ್ಮ. ನಾನೇ ಹೊಡೆದದ್ದು."

"ಹಾಗಾದರೆ ಇನ್ನು ಬಿಡಬೇಡ. ಆಡು."

ಮುಂದಿನ ಶನಿವಾರ ನನ್ನನ್ನು ಮೊದಲಿಗೇ ಇಳಿಸಿದರು. ತಂಡದ ಹಾಡಿನ ಎರಡು ಸಾಲು ಅಷ್ಟರಲ್ಲಿ ನನಗೆ ಬಾಯಿಪಾಠವಾಗಿತ್ತು. ಉಳಿದದ್ದಕ್ಕೆ ಸುಮ್ಮನೆ ಗಟ್ಟಿಯಾಗಿ ಕೂಗಿದೆ.