ಕಿವಿಯಮ್ಮ ಹೇಳದೇ ಹೋದದ್ದು

ಕಿವಿಯಮ್ಮ ತೀರಿಕೊಂಡು ಎರಡು ತಿಂಗಳಾಯಿತು. ಅವಳ ನೆನಪಿಗೆ ನಮ್ಮ ಚರ್ಚಿನ ಸಭೆಯವರು ಪುಸ್ತಕ ತರುತ್ತಿದ್ದಾರೆ. ಅವಳನ್ನು ಬಲ್ಲವರೆಲ್ಲ ಎರಡೆರಡು ಪುಟ ಬರೆದುಕೊಡಬೇಕಂತೆ. ನಾನು ಓದಿದ್ದು ಆರನೆಯ ಕ್ಲಾಸು. ನನ್ನ ಕೈಯಲ್ಲಿ ಆಗುವುದಿಲ್ಲ ಎಂದೆ. "ಅವರ ಹಾಸಿಗೆ ಪಕ್ಕ ನಿಮ್ಮಷ್ಟು ದಿನ ಕೂತವರು ಯಾರಿದ್ದಾರಮ್ಮ? ಮನಸ್ಸಿಗೆ ಬಂದಿದ್ದು ಬರೀರಿ," ಎಂದರು ಸಭಾಪಾಲಕರು. ಮನಸ್ಸಿಗೆ ಬಂದದ್ದನ್ನೇ ಬರೆಯುತ್ತಿದ್ದೇನೆ. ಬೇಡವೆನಿಸಿದರೆ ಅಚ್ಚು ಹಾಕಬೇಡಿ.

ನನಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ.

ಅವಳು ಮೂವತ್ನಾಲ್ಕು ವರ್ಷ ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ದುಡಿದವಳು. ದಿಂಬಿನ ಚೀಲ, ಮಂಚದ ಬಟ್ಟೆ, ಆಪರೇಷನ್ನಿಗೆ ಹಾಕುವ ಹಸಿರು ಅಂಗಿ, ಎಲ್ಲ ಅವಳ ಮಷಿನ್ನಿನಿಂದಲೇ ಹೊರಗೆ ಬರುತ್ತಿತ್ತು. ಮದುವೆಯಾಗಲಿಲ್ಲ. ಎತ್ತರದ ಹೆಂಗಸು, ಕಡ್ಡಿಯಂಥ ಕೈಕಾಲು, ತೋಳಿನ ಮೇಲೆ ಯಾವಾಗಲೂ ದಾರದ ಚೂರು. ಹರಿದ ಹೊದಿಕೆ ಎತ್ತಿಕೊಂಡು ಹೋಗಲು ವಾರ್ಡಿಗೆ ಬಂದರೆ ರೋಗಿಗಳು ಅವಳನ್ನು ಕೂರಿಸಿಕೊಂಡು ಒಳಗಿದ್ದದ್ದನ್ನೆಲ್ಲ ಹೇಳುತ್ತಿದ್ದರಂತೆ. ಅದನ್ನು ನೋಡಿ ಹಿಂದಿನ ಸಭಾಪಾಲಕರು ಅವಳನ್ನು ಎರಡು ವರ್ಷದ ತರಬೇತಿಗೆ ಕಳುಹಿಸಿದರು. ಆತ್ಮಿಕ ಮಾರ್ಗದರ್ಶನ ಎಂದು ಅದರ ಹೆಸರು. ಬಂದವರು ತಮ್ಮ ಮನಸ್ಸಿನದನ್ನು ಹೇಳಿಕೊಳ್ಳಬೇಕು, ಇವಳು ಕೇಳಬೇಕು, ದೇವರು ಅವರನ್ನು ಎತ್ತ ಕರೆಯುತ್ತಿದ್ದಾನೆ ಎಂದು ಇಬ್ಬರೂ ಸೇರಿ ಹುಡುಕಬೇಕು. ಬುದ್ಧಿ ಹೇಳುವಂತಿಲ್ಲ, ಕೇಳಿದ್ದನ್ನು ಹೊರಗೆ ಬಿಡುವಂತಿಲ್ಲ. ಹಾಡುವ ಗುಂಪಿನ ಹುಡುಗಿಯರು ಅವಳಿಗೆ ಕಿವಿಯಮ್ಮ ಎಂದು ಹೆಸರಿಟ್ಟರು. ದೇವರು ಅವಳಿಗೆ ಬಾಯಿ ಇಡುವುದನ್ನು ಮರೆತು ಮೂರನೆಯ ಕಿವಿ ಇಟ್ಟಿದ್ದಾನೆ ಎಂದು ನಗುತ್ತಿದ್ದರು.

ಚರ್ಚಿನ ಹಿಂದೆ, ಮುರಿದ ಬೆಂಚುಗಳನ್ನು ಪೇರಿಸುತ್ತಿದ್ದ ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟಿದ್ದರು. ಕಿಟಕಿ ಒಂದು, ಕುರ್ಚಿ ಮೂರು. ಆ ಕೋಣೆಗೆ ನನ್ನ ಗಂಡ ಒಂಬತ್ತು ವರ್ಷ ಹೋದರು. ಪ್ರತಿ ತಿಂಗಳ ಮೊದಲ ಶನಿವಾರ, ಸಾಯಂಕಾಲ ನಾಲ್ಕು ಗಂಟೆಗೆ, ತಲೆ ಬಾಚಿಕೊಂಡು.

ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವರು. ಆ ಕೋಣೆಗೆ ಹೋಗಲು ಶುರು ಮಾಡುವ ಸ್ವಲ್ಪ ಮುಂಚೆ ಒಂದು ದಿನ ಏಳನೆಯ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆಗೆದಿತ್ತು, ಒಳಗೆ ಲಿಫ್ಟ್ ಇರಲಿಲ್ಲ. ಜೊತೆಗಾರ ಮಾತಾಡುತ್ತಾ ಒಂದು ಹೆಜ್ಜೆ ಹಿಂದಿಟ್ಟ. ಅಷ್ಟೇ. ಇವರು ಹನ್ನೊಂದು ದಿನ ಕೆಲಸಕ್ಕೆ ಹೋಗಲಿಲ್ಲ. ಅನ್ನ ತಿನ್ನದೆ, ಗೋಡೆ ನೋಡಿಕೊಂಡು ಮಂಚದ ಮೇಲೆ ಕೂತಿದ್ದರು. ಆ ಕೆಲಸ ಬಿಟ್ಟುಬಿಡುತ್ತೇನೆ ಎಂದರು. ಹನ್ನೆರಡನೆಯ ದಿನ ನಾನು ಅವರ ಟೂಲ್ ಪೆಟ್ಟಿಗೆಯನ್ನು ಬಾಗಿಲಲ್ಲಿಟ್ಟು, "ಬಿದ್ದಿದ್ದು ಅವನು, ನೀವಲ್ಲ. ಎದ್ದು ಹೋಗಿ, ಗಂಡಸಾಗಿ," ಎಂದೆ. ಎದ್ದು ಹೋದರು. ಸಾಯುವ ವರ್ಷದವರೆಗೂ ಹೋದರು. ಆ ಲಿಫ್ಟಿನ ಸುದ್ದಿಯನ್ನು ಮತ್ತೆ ನನ್ನ ಹತ್ತಿರ ಎತ್ತಲೇ ಇಲ್ಲ.

ಎತ್ತಿದ್ದೆಲ್ಲ ಕಿವಿಯಮ್ಮನ ಹತ್ತಿರ. ಮರಳಿ ಬಂದಾಗ ಅವರ ಮುಖ, ತೊಳೆದಿಟ್ಟ ಪಾತ್ರೆಯ ಹಾಗಿರುತ್ತಿತ್ತು. "ಏನಂದ್ರಿ ಅಲ್ಲಿ?" ಎಂದರೆ, "ಏನಿಲ್ಲ ಬಿಡು," ಎನ್ನುತ್ತಿದ್ದರು. ಏನಿಲ್ಲದ್ದಕ್ಕೆ ಒಂದು ಗಂಟೆ ಯಾಕೆ ಬೇಕು?

ಕಾಯಿಲೆಯಲ್ಲಿ ಆರು ವಾರ ಮಲಗಿ ತೀರಿಹೋದರು. ಕೊನೆಯ ವಾರ ನಾನೇ ಬಾಯಿಬಿಟ್ಟು ಕೇಳಿದೆ, "ಏನಾದ್ರೂ ಹೇಳೋದಿದೆಯಾ?"

"ಎಲ್ಲಾ ಹೇಳಾಗಿದೆ," ಎಂದರು.

ನನಗಲ್ಲ.

ಮಣ್ಣು ಮಾಡಿದ ಮೇಲೆ ಬಂದ ಮೊದಲ ಶನಿವಾರ ನಾಲ್ಕು ಗಂಟೆಗೆ ನಾನು ಆ ಕೋಣೆಗೆ ಹೋದೆ. ಮೂರು ಕುರ್ಚಿಯಲ್ಲಿ ಒಂದಕ್ಕೆ ಮೆತ್ತೆ ಇತ್ತು. ಅದರಲ್ಲಿ ಕೂತೆ. ಅವಳ ಹುಬ್ಬು ಮೇಲೇರಿತು.

"ಏನು?" ಎಂದೆ.

"ಏನಿಲ್ಲ ಅಕ್ಕ. ಅದರಲ್ಲಿ ಯಾರೂ ಕೂರಲ್ಲ. ಕರ್ತನಿಗೆ ಅಂತ ಇಟ್ಟಿರೋದು."

"ಕರ್ತ ಸ್ವಲ್ಪ ಹೊತ್ತು ನಿಂತ್ಕೊಳ್ಳಲಿ. ನನಗೆ ಮಂಡಿ ನೋವು."

ಅವಳು ನಗಲಿಲ್ಲ, ರೇಗಲೂ ಇಲ್ಲ. ಕೈಗಡಿಯಾರ ಬಿಚ್ಚಿ ಕವುಚಿ ಇಟ್ಟಳು.

"ನನ್ನ ಗಂಡ ನಿಮಗೆ ಏನು ಹೇಳಿದ್ರು?"

"ಅದು ಅವರದು."

"ಅವರು ಹೋದ್ರು. ಈಗ ಅವರದ್ದೆಲ್ಲ ನನ್ನದು. ಪೆಟ್ಟಿಗೆ ನನ್ನದು, ಹರಿದ ಚಪ್ಪಲಿ ನನ್ನದು. ಇದೊಂದು ಮಾತ್ರ ನಿಮ್ಮದಾ?"

"ನನ್ನದೂ ಅಲ್ಲ."

"ಮತ್ತೆ ಯಾರದಮ್ಮ?"

ನಾನು ಕೂತಿದ್ದ ಕುರ್ಚಿಯನ್ನು ನೋಡಿದಳು. ನನ್ನ ಮೈಯೆಲ್ಲ ಉರಿಯಿತು.

ಮುಂದಿನ ತಿಂಗಳೂ ಹೋದೆ. ಅದರ ಮುಂದಿನ ತಿಂಗಳೂ ಹೋದೆ. ನನಗೆ ಬೇಕಾಗಿದ್ದದ್ದು ಒಂದೇ. ಹನ್ನೆರಡನೆಯ ದಿನ ನಾನು ಆಡಿದ ಮಾತನ್ನು ಅವರು ಮನಸ್ಸಿನಲ್ಲಿ ಇಟ್ಟುಕೊಂಡು ಸತ್ತರೋ, ಇಲ್ಲವೋ. ಆ ಮಾತು ಏನೆಂದು ನಾನು ಅವಳಿಗೆ ಹೇಳಲಿಲ್ಲ. ಯಾರಿಗೂ ಹೇಳಿರಲಿಲ್ಲ. ಇಲ್ಲೇ ಮೊದಲು ಬರೆದದ್ದು.

"ನನ್ನ ಮೇಲೆ ಸಿಟ್ಟಿತ್ತಾ ಅವರಿಗೆ? ಹೂಂ ಅನ್ನಿ, ಊಹೂಂ ಅನ್ನಿ. ತಲೆ ಆಡಿಸಿದ್ರೂ ಸಾಕು."

ಅವಳ ಕತ್ತು ಕೂಡ ಅಲುಗಲಿಲ್ಲ. "ಸಿಟ್ಟು ಇದ್ದಿರಬಹುದು ಅಂತ ನಿಮಗೆ ಯಾಕೆ ಅನಿಸ್ತು?"

"ಆ ಆಟ ನನ್ನ ಹತ್ರ ಬೇಡ. ನಾನು ಹೇಳೋಕೆ ಬಂದಿಲ್ಲ. ಕೇಳೋಕೆ ಬಂದಿದೀನಿ."

"ನಾನೂ ಕೇಳೋಕೇ ಕೂತಿರೋದು."

"ಹಾಗಾದ್ರೆ ಇಬ್ಬರೂ ಬಾಯಿ ಮುಚ್ಕೊಂಡು ಕೂರೋಣ."

ಹಾಗೇ ಕೂತೆವು, ಪೂರ್ತಿ ಒಂದು ಗಂಟೆ. ಹೊರಡುವಾಗ, "ಮುಂದಿನ ತಿಂಗಳು ಬನ್ನಿ," ಎಂದಳು. ಅವಳ ಕೊಬ್ಬು ನೋಡಿ.

ನಾಲ್ಕನೆಯ ಸಲ ನಾನು ನಿಂತುಕೊಂಡೇ ಬೈದೆ. ಕಳ್ಳಿ ಎಂದೆ. ಮನೆಯಲ್ಲಿ ಆಡಬೇಕಾದ ಮಾತನ್ನೆಲ್ಲ ಇಲ್ಲಿ ಕಿತ್ತುಕೊಂಡು, ನೀನು ನನಗೆ ಖಾಲಿ ಗಂಡನನ್ನು ವಾಪಸ್ಸು ಕಳುಹಿಸುತ್ತಿದ್ದೆ ಎಂದೆ. ಪಕ್ಕದಲ್ಲಿ ಹಾಡು ಕಲಿಯುತ್ತಿದ್ದವರು ಹಾಡು ನಿಲ್ಲಿಸಿದರು. ಅವಳು ತಲೆ ತಗ್ಗಿಸಿ, ಮಡಿಲಲ್ಲಿದ್ದ ದಾರದ ಚೂರನ್ನು ಬೆರಳಿಗೆ ಸುತ್ತುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು.

ಐದನೆಯ ತಿಂಗಳು ಅವಳಿಗೆ ಲಕ್ವ ಹೊಡೆಯಿತು. ಬಲಗಡೆ ಬಿದ್ದುಹೋಯಿತು. ಮನೆಗೆ ಕರೆತಂದರು. ಆಮೇಲೆ ಸುದ್ದಿ ಬಂತು, ಕಿವಿಯಮ್ಮ ಮಾತಾಡುತ್ತಿದ್ದಾಳೆ, ತಡೆಯಿಲ್ಲದೆ ಬಡಬಡಿಸುತ್ತಿದ್ದಾಳೆ ಎಂದು.

ಆ ಭಾನುವಾರ ಸಭೆಯಲ್ಲಿ ಅರ್ಧ ಜನರ ಮುಖದಲ್ಲಿ ರಕ್ತ ಇರಲಿಲ್ಲ. ಇಪ್ಪತ್ತು ವರ್ಷ ಅವಳ ಕಿವಿಗೆ ತುಂಬಿದ್ದು ಈಗ ಬಾಯಿಂದ ಬಂದರೆ? ಮನೆಯಲ್ಲಿದ್ದ ಅವಳ ತಂಗಿಯ ಮಗಳು ಅಂಗಡಿ ಕೆಲಸಕ್ಕೆ ಹೋಗುವವಳು, ಹಗಲು ಯಾರಾದರೂ ಜೊತೆಗಿರಬೇಕಿತ್ತು. ನಾನಿರುತ್ತೇನೆ ಎಂದು ಸಭೆಯ ಟೀಚರಮ್ಮ ಎದ್ದರೆ, ತನ್ನ ಗುಟ್ಟು ಅವರ ಕಿವಿಗೆ ಬೀಳುತ್ತದೆಂದು ದರ್ಜಿ ಬೇಡ ಎಂದ. ದರ್ಜಿಯ ಹೆಂಡತಿ ಎದ್ದರೆ ಟೀಚರಮ್ಮನೂ ದರ್ಜಿಯೂ ಒಟ್ಟಿಗೇ ಬೇಡ ಎಂದರು. ನಾನು ಎದ್ದು ನಿಂತೆ.

"ನಾನು ಕೂರ್ತೀನಿ. ನಾನು ಅವಳಿಗೆ ಬೈದಿರೋದು ಬಿಟ್ರೆ ಬೇರೇನೂ ಹೇಳಿಲ್ಲ."

"ನೀವು ಕೇಳಿಸ್ಕೊಂಡಿದ್ದನ್ನ..." ಎಂದು ಟೀಚರಮ್ಮ ಎಳೆದರು.

"ನಿಮ್ಮದು ನನಗ್ಯಾಕೆ ತಾಯಿ? ನನ್ನ ಗಂಡಂದು ಸಿಕ್ಕಿದ್ರೆ ಸಾಕು."

ಸೇವೆ ಮಾಡುತ್ತಿದ್ದೇನೆ ಎಂದು ಎಲ್ಲರೂ ಹೊಗಳಿದರು. ಸುಳ್ಳು. ನಾನು ಹೋದದ್ದು ಕದ್ದು ಕೇಳಲು.

ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಸಾಯಂಕಾಲ ಆರಕ್ಕೆ ಬರುತ್ತಿದ್ದೆ. ಹೊರಳಿಸಿ ಮಲಗಿಸುವುದು, ಒರೆಸುವುದು, ಹಾಲಿನಲ್ಲಿ ನೆನೆಸಿದ ಬ್ರೆಡ್ಡನ್ನು ಚಮಚದಲ್ಲಿ ಕೊಡುವುದು. ಅವಳು ಮಾತಾಡುತ್ತಲೇ ಇದ್ದಳು. ಕಣ್ಣು ಸೂರಿನ ಮೇಲೆ. "ಆಮೇಲೆ?" ಎದುರಿಗೆ ಯಾರೋ ಕೂತಿರುವ ಹಾಗೆ ಕಿವಿಗೊಡುತ್ತಿದ್ದಳು. "ಹಾಗಂದಾಗ ಒಳಗೆ ಏನಾಯ್ತು, ಟೀಚರಮ್ಮ?" "ಪ್ರಾರ್ಥನೆ ಮಾಡೋಕೆ ಆಗದಿದ್ರೆ ಆಗಲ್ಲ ಅಂತಲೇ ಆತನಿಗೆ ಹೇಳಿದ್ರಾ?" ಮೂರು ದಿನವಾದ ಮೇಲೆ ನನಗೆ ಅರ್ಥವಾಯಿತು. ಹೊರಗೆ ಬರುತ್ತಿದ್ದದ್ದು ಅವಳು ಆಡಿದ್ದ ಮಾತು ಮಾತ್ರ. ಅವಳು ಆಡಿದ್ದೆಲ್ಲ ಬರೀ ಪ್ರಶ್ನೆ. ಜನ ಹೇಳಿಕೊಂಡದ್ದರಲ್ಲಿ ಒಂದಕ್ಷರವೂ ಬರಲಿಲ್ಲ. ಕೆಟ್ಟ ತಲೆಯಲ್ಲೂ ಬೀಗ ಹಾಕಿಟ್ಟಿದ್ದಳು. ಟೀಚರಮ್ಮನಿಗೆ ಹೇಳಿದೆ, ಹೆದರಬೇಡಿ, ಊಟ ಮಾಡಿ ಎಂದು.

ಎಂಟನೆಯ ದಿನ ಮಧ್ಯಾಹ್ನ ಚಮಚ ಬಾಯಿಯ ಹತ್ತಿರ ಹಿಡಿದಿದ್ದೆ.

"ಲಿಫ್ಟ್ ಅಣ್ಣ," ಎಂದಳು. "ಮನೇಲಿ ಹೇಳಿದ್ರಾ?"

ನನ್ನ ಕೈ ನಿಂತಿತು. ಒಬ್ಬ ಮನುಷ್ಯ ಉತ್ತರ ಕೊಡಲು ಬೇಕಾಗುವಷ್ಟು ಹೊತ್ತು ಅವಳು ಕಾದಳು.

"ಇನ್ನೂ ಇಲ್ವಾ? ಹೋದ ತಿಂಗಳೂ ಇದನ್ನೇ ಅಂದ್ರಿ." ಮತ್ತೆ ಕಾದಳು. "ನನಗೆ ಹೇಳಿ ಏನು ಬಂತು ಅಣ್ಣ? ಒಂಬತ್ತು ವರ್ಷ ಆಯ್ತು. ಇದನ್ನ ಕೇಳಬೇಕಾದವರು ನಾನಲ್ಲ. ಮನೇಲಿದ್ದಾರೆ."

ಹಾಲು ಅವಳ ಕುತ್ತಿಗೆಗೆ ಚೆಲ್ಲಿತು. ಅವಳ ಭುಜ ಹಿಡಿದು ಅಲ್ಲಾಡಿಸಿದೆ. "ಏನು ಹೇಳಬೇಕಿತ್ತು? ನಾನೇ ಅವರ ಹೆಂಡತಿ. ಮನೇಲಿದ್ದವಳು ನಾನೇ. ಹೇಳು, ಏನು?"

"ಆಮೇಲೆ?" ಎಂದಳು.

ಅದೇ ವಾರ ಅವಳಿಗೆ ಎರಡನೆಯ ಸಲ ಹೊಡೆಯಿತು. ಹೋದಳು.

ಪುಸ್ತಕದಲ್ಲಿ ಮಿಕ್ಕವರು ಅವಳನ್ನು ದೇವರಂಥವಳು ಎಂದು ಬರೆಯುತ್ತಾರೆ, ಬರೆಯಲಿ. ನನಗೆ ಅವಳ ಮೇಲಿನ ಸಿಟ್ಟು ಇಳಿದಿಲ್ಲ. ನಾಲ್ಕು ತಿಂಗಳು ಎದುರಿಗೆ ಕೂತು ಕಳ್ಳಿ ಎನಿಸಿಕೊಂಡಳಲ್ಲ, "ನಾನೇ ಹೇಳಿ ಹೇಳಿ ಸೋತೆ, ಅವರೇ ನಿಮಗೆ ಬಾಯಿಬಿಡಲಿಲ್ಲ," ಎಂದು ಒಂದು ಮಾತು ಆಡಿದ್ದರೆ ನಾನು ಅವತ್ತೇ ಮನೆಗೆ ಹೋಗುತ್ತಿದ್ದೆ. ಆಡಲಿಲ್ಲ. ಆಡಿದ್ದರೆ ನನ್ನ ಬೈಗುಳ ನನ್ನ ಗಂಡನ ಮೇಲೆ ಬೀಳುತ್ತಿತ್ತು ಎಂದು ಅವಳಿಗೆ ಗೊತ್ತಿತ್ತು. ಆ ಬೈಗುಳವನ್ನು ತಾನೇ ತಿಂದಳು. ನನ್ನನ್ನು ಕೇಳದೆ, ನನ್ನ ಸಿಟ್ಟು ಯಾರ ಮೇಲಿರಬೇಕು ಎಂದು ತೀರ್ಮಾನ ಮಾಡಲು ಅವಳು ಯಾರು?

ನನ್ನ ಪ್ರಶ್ನೆಗೆ ಉತ್ತರ ಸಿಗಲಿಲ್ಲ, ಇನ್ನು ಸಿಗುವುದೂ ಇಲ್ಲ. ನನ್ನ ಗಂಡ ನನಗೆ ಹೇಳಬೇಕಾದ ಮಾತೊಂದು ಇತ್ತು, ಅವಳು ನೂರು ಸಲ ಹೇಳಿ ಎಂದರೂ ಅವರು ಹೇಳಲಿಲ್ಲ. ತಿಳಿದದ್ದು ಇಷ್ಟೇ. ಅದು ಕ್ಷಮೆಯೋ, ಶಾಪವೋ.

ಅವಳನ್ನು ಮಣ್ಣು ಮಾಡಿ ಮನೆಗೆ ಬಂದೆ. ಕಾಲು ತೊಳೆಯದೆ ಗಂಡನ ಫೋಟೋದ ಮುಂದೆ ಹೋಗಿ ನಿಂತೆ. ಅವರು ಸತ್ತ ಮೇಲೆ ಅವತ್ತಿನವರೆಗೆ ಅವರಿಗೆ ಒಂದು ಬಿರುಸು ಮಾತು ಆಡಿರಲಿಲ್ಲ. ಎಲ್ಲ ಅವಳ ಪಾಲಿಗೆ ಹೋಗಿತ್ತು. ಅವತ್ತು ಬಾಯಿಗೆ ಬಂದ ಹಾಗೆ ಬೈದೆ. ಕೆಳಗಿನ ಮನೆಯವರು ಬಾಗಿಲು ತಟ್ಟಿ, "ಅಕ್ಕ, ಯಾರಾದ್ರೂ ಬಂದಿದ್ದಾರಾ?" ಎಂದು ಕೇಳಿದರು.

"ನಮ್ಮ ಯಜಮಾನರು," ಎಂದೆ. ಬಾಗಿಲು ಹಾಕಿ ಮತ್ತೆ ಶುರು ಮಾಡಿದೆ.