ನಲವತ್ತು ಸಲ ಸರಿಯಾಗಿ ಒತ್ತಿದಾಕೆ

ಆ ಕಚೇರಿಯಲ್ಲಿ ಎಲ್ಲರೂ ಸರಿಯಾಗಿ ಕೆಲಸ ಮಾಡಿ ಸಂಬಳ ತೆಗೆದುಕೊಳ್ಳುತ್ತಿದ್ದರೆ, ಹೆಬ್ಬೆಟ್ಟಕ್ಕ ಒಬ್ಬಳೇ ತಪ್ಪು ತಪ್ಪಾಗಿ ಮಾಡಿ ಸಂಬಳ ತೆಗೆದುಕೊಳ್ಳುತ್ತಿದ್ದಳು. ಮೊಬೈಲ್ ಆ್ಯಪ್ ಕಟ್ಟುವ, ಏಳೇ ಮೇಜುಗಳ ಸಣ್ಣ ಕಚೇರಿ ಅದು. ಬೇರೆಯವರು ಕಟ್ಟಿದ್ದು ಎಲ್ಲಿ ಮುರಿಯುತ್ತದೆ ಎಂದು ಹುಡುಕುವುದು ಅವಳ ಕೆಲಸ. ಜನ ತೋರುಬೆರಳಿನ ತುದಿಯಿಂದ ಒತ್ತುವ ಗುಂಡಿಯನ್ನು ಅವಳು ಹೆಬ್ಬೆರಳಿನಿಂದ ಅಮುಕುವಳು, ಗೆಣ್ಣಿನಿಂದ ಕುಟ್ಟುವಳು, ಬೆರಳನ್ನು ನೀರಲ್ಲಿ ಅದ್ದಿ ಒತ್ತುವಳು, ಬ್ಯಾಂಡೇಜ್ ಸುತ್ತಿಕೊಂಡು ಒತ್ತುವಳು. ಒಮ್ಮೆ ಮೂಗಿನಿಂದಲೂ ಒತ್ತಿದ್ದುಂಟು. ಕಂಕುಳಲ್ಲಿ ಮಗು, ಕೈಯಲ್ಲಿ ಚೀಲ ಇರುವವರು ಇನ್ನೇನು ಮಾಡಬೇಕು ಎಂಬುದು ಅವಳ ವಾದ. ಡಿಗ್ರಿ ಮುಗಿಸಿದವಳನ್ನು ಹೆಬ್ಬೆಟ್ಟು ಎಂದು ಕರೆಯುವುದು ಅನ್ಯಾಯವೇ, ಆದರೆ ಅಡ್ಡಹೆಸರು ಯಾರನ್ನೂ ಕೇಳಿ ಬರುವುದಿಲ್ಲ. ಹನ್ನೊಂದು ವರ್ಷದಲ್ಲಿ ಅವಳಿಗೂ ಅದು ಒಗ್ಗಿಹೋಗಿತ್ತು.

ಬಸ್ಸಿನಲ್ಲಿ ಕೂತರೂ ಅವಳ ಕಣ್ಣು ಪಕ್ಕದವರ ಬೆರಳ ಮೇಲೆಯೇ. ಒಂದು ಸಲ ಒಬ್ಬ ಹೆಂಗಸು, "ಏನ್ರೀ, ನನ್ನ ಮೆಸೇಜ್ ಓದ್ತಿದೀರಾ?" ಎಂದು ಗದರಿದಳು. "ಇಲ್ಲಮ್ಮ, ನಿಮ್ಮ ಬೆರಳು ನೋಡ್ತಿದ್ದೆ" ಎಂದು ಹೆಬ್ಬೆಟ್ಟಕ್ಕ ನಿಜ ಹೇಳಿದಳು. ಆ ಹೆಂಗಸು ಮುಂದಿನ ಸ್ಟಾಪಿನಲ್ಲೇ ಇಳಿದುಹೋದಳು. ನಿಜ ಹೇಳಿದರೆ ಹೀಗೆಯೇ.

ಈ ಸಲದ ಆ್ಯಪ್ ಒಂದು ದೊಡ್ಡ ಲಾಂಡ್ರಿಯದು. ಹೋಟೆಲುಗಳ ಬಿಳಿ ಹಾಸುಬಟ್ಟೆ ಒಗೆಯುವ ಇಪ್ಪತ್ತು ಯಂತ್ರಗಳು ಅಲ್ಲಿವೆ. ಪರದೆಯ ಮೇಲೆ ಯಂತ್ರಕ್ಕೊಂದು ಕಾರ್ಡು. ಕಾರ್ಡನ್ನು ಬೆರಳಿನಿಂದ ಬಲಕ್ಕೆ ಸರಿಸಿದರೆ ಆ ಯಂತ್ರದ ಒಗೆತ ಮುಗಿಯಿತು ಎಂದು ಲೆಕ್ಕ, ಕಾರ್ಡು ಪಟ್ಟಿಯಿಂದ ಮಾಯ. ಅದೇ ಕಾರ್ಡಿನ ನಡುವೆ 'ನಿಲ್ಲಿಸು' ಎಂಬ ಗುಂಡಿ. ಬಿಳಿ ಬಟ್ಟೆಗಳ ಮಧ್ಯೆ ಯಾರದೋ ಕೆಂಪು ಕಾಲುಚೀಲ ಸುತ್ತುತ್ತಿರುವುದು ಕಂಡರೆ ಒತ್ತಬೇಕಾದ ಗುಂಡಿ ಅದು. ಸರಿಸುವುದಕ್ಕೂ ಬೆರಳು, ಒತ್ತುವುದಕ್ಕೂ ಬೆರಳು. ಬೆರಳು ಬಿದ್ದ ಕ್ಷಣದಲ್ಲಿ ಅದು ಕಾರ್ಡಿನ ಪಾಲೋ ಗುಂಡಿಯ ಪಾಲೋ ಎಂದು ಆ್ಯಪೇ ತೀರ್ಮಾನಿಸಬೇಕು.

ಆ ತೀರ್ಮಾನವನ್ನು ಬರೆದವನು ಜಾರುಬಂಡೆ. ಅವನ ಕೈಯಲ್ಲಿ ಏನು ಕೊಟ್ಟರೂ ಅದು ನುಣ್ಣಗೆ ಜಾರಲೇಬೇಕು, ಅದಕ್ಕೇ ಆ ಹೆಸರು. ಅವನು ಬರೆದ ಕಾರ್ಡು ಬೆರಳು ತೋರಿಸಿದರೆ ಹಸ್ತ ನುಂಗುವ ಜಾತಿಯದು. ಹಿಂದಿನ ವಾರ ಎರಡು ಸಲ ಹೆಬ್ಬೆಟ್ಟಕ್ಕ 'ನಿಲ್ಲಿಸು' ಒತ್ತಿದಾಗ, ಪರೀಕ್ಷೆಗೆಂದು ಪರದೆಯಲ್ಲೇ ತಿರುಗುವ ನಕಲಿ ಯಂತ್ರ ನಿಲ್ಲಲಿಲ್ಲ, ಕಾರ್ಡೇ ಜಾರಿಹೋಯಿತು. ಪರದೆಯ ಪ್ರಕಾರ ಒಗೆತ ಮುಗಿದಿದೆ, ಯಂತ್ರ ಮಾತ್ರ ತಿರುಗುತ್ತಲೇ ಇದೆ, ನಿಲ್ಲಿಸೋಣವೆಂದರೆ ಗುಂಡಿಯೇ ಇಲ್ಲ. ಅವಳು ದೂರು ಬರೆದಳು. ಜಾರುಬಂಡೆ ತಾನೂ ಒತ್ತಿ ನೋಡಿದ, ಎಲ್ಲ ಸರಿಯಾಗಿತ್ತು.

"ಒತ್ತೋಕೆ ಬರ್ದೇ ಇರೋರಿಗೆ ಗುಂಡಿ ಡೊಂಕು" ಎಂದು ನಕ್ಕ.

ಇದೇ ಹೊತ್ತಿಗೆ ಕಚೇರಿಯ ಯಜಮಾನ ಹೊಸ ಪ್ರೋಗ್ರಾಂ ಒಂದನ್ನು ತಂದ. ಮನುಷ್ಯರ ಬದಲು ತಾನೇ ಗುಂಡಿ ಒತ್ತಿ ಪರೀಕ್ಷೆ ಮಾಡುವ ಪ್ರೋಗ್ರಾಂ. ಅದಕ್ಕೆ ಟೀ ಬೇಡ, ರಜೆ ಬೇಡ, ಬೆನ್ನುನೋವಿಲ್ಲ. ಒಂದು ಮಧ್ಯಾಹ್ನದಲ್ಲಿ 'ನಿಲ್ಲಿಸು' ಗುಂಡಿಯನ್ನು ಹತ್ತು ಸಾವಿರ ಸಲ ಒತ್ತಿತು, ಹತ್ತು ಸಾವಿರ ಸಲವೂ ಪಾಸು. ಮರುದಿನ ಬೆಳಿಗ್ಗೆ ಯಜಮಾನ ಹೆಬ್ಬೆಟ್ಟಕ್ಕನ ಮೇಜಿನ ಹತ್ತಿರ ಬಂದು ನಿಂತ.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ನಾಳೆ ಆ್ಯಪ್ ಲಾಂಡ್ರಿಗೆ ಕೊಡ್ತೀವಿ. ಮುಂದಿನ ತಿಂಗಳಿಂದ ಪರೀಕ್ಷೆ ಎಲ್ಲಾ ಆ ಪ್ರೋಗ್ರಾಮೇ ನೋಡ್ಕೊಳುತ್ತೆ."

"ಮತ್ತೆ ನಾನು?"

ಯಜಮಾನ ಫ್ಯಾನಿನ ಕಡೆ ನೋಡಿದ. "ನೀವು ಹೇಳೋ ತಪ್ಪನ್ನ ಇವತ್ತು ಊಟದ ಹೊತ್ತಿನೊಳಗೆ ಒಂದ್ಸಲ ತೋರ್ಸಿಬಿಡಿ. ಆ್ಯಪ್ ತಡೀತೀನಿ, ನಿಮ್ಮ ಕುರ್ಚಿನೂ ಇರುತ್ತೆ. ಇಲ್ದಿದ್ರೆ ನನ್ನ ಕೈಲಿ ಏನೂ ಇಲ್ಲ."

ಎಲ್ಲವೂ ತಮ್ಮ ಕೈಯಲ್ಲಿರುವವರೇ ಈ ಮಾತು ಹೇಳುವುದು.

ಹೆಬ್ಬೆಟ್ಟಕ್ಕನಿಗೆ ನಲವತ್ತಾರು. ಬೇರೆ ಕೆಲಸಕ್ಕೆ ಹೋದರೆ, ಏನು ಬರುತ್ತದಮ್ಮ ಎಂದು ಕೇಳುತ್ತಾರೆ. ತಪ್ಪು ಮಾಡಲು ಬರುತ್ತದೆ ಎಂದರೆ ಯಾರು ತೆಗೆದುಕೊಳ್ಳುತ್ತಾರೆ? ಅವಳಿಗೆ ನಿಜಕ್ಕೂ ಹೆದರಿಕೆಯಾಯಿತು. ಅದನ್ನು ತೋರಿಸದೆ ಟ್ಯಾಬ್ಲೆಟ್ ಎಳೆದುಕೊಂಡು ಕೂತಳು. ಒಂದು ಪಕ್ಕ ಯಜಮಾನ, ಇನ್ನೊಂದು ಪಕ್ಕ ಎಣಿಸಲು ಜಾರುಬಂಡೆ.

ಒತ್ತಿದಳು. ಯಂತ್ರ ನಿಂತಿತು. ಮತ್ತೆ ಚಾಲೂ ಮಾಡಿ ಒತ್ತಿದಳು. ನಿಂತಿತು. ಹೆಬ್ಬೆರಳು, ಗೆಣ್ಣು, ಒದ್ದೆ ಬೆರಳು, ಎಡಗೈ, ಕೈಗವಸು, ಏನು ಮಾಡಿದರೂ ವಿಧೇಯ ಶಿಷ್ಯನ ಹಾಗೆ ನಿಲ್ಲುತ್ತಿತ್ತು. ಬೇಕೆಂದೇ ಬೆರಳನ್ನು ಜಾರಿಸಿದರೆ, "ಅದು ಸರಿಸಿದ್ದು, ಒತ್ತಿದ್ದಲ್ಲ" ಎಂದು ಜಾರುಬಂಡೆ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಹನ್ನೊಂದು ವರ್ಷ ಹೇಳದೆ ಕೇಳದೆ ತಪ್ಪು ಮಾಡಿದ ಬೆರಳು, ನಾಲ್ಕು ಜನರ ಕಣ್ಣು ಬಿದ್ದ ಕೂಡಲೇ ಶಿಸ್ತು ಕಲಿತುಬಿಟ್ಟಿತ್ತು. ಹನಿ ನೀರು ಚೆಲ್ಲದಂತೆ ನಡೆಯಬೇಕು ಎಂದುಕೊಂಡರೆ ಚೆಲ್ಲುತ್ತದೆ, ಚೆಲ್ಲಬೇಕು ಎಂದುಕೊಂಡರೆ ಹಾಳಾದ್ದು ಚೆಲ್ಲುವುದೇ ಇಲ್ಲ.

"ನಲವತ್ತು" ಎಂದ ಜಾರುಬಂಡೆ. "ನಲವತ್ತೂ ಸರಿ." ಅವನ ದನಿಯಲ್ಲಿ ಈಗ ನಗುವಿರಲಿಲ್ಲ. ಪಾಪ, ಅವನಿಗೂ ಅವಳು ಹೋಗುವುದು ಬೇಕಿರಲಿಲ್ಲ.

ಆಗ ಅವಳ ಫೋನು ಬಡಿದುಕೊಂಡಿತು. ಮನೆಯಿಂದ ಅತ್ತೆ. ಎಪ್ಪತ್ತೆಂಟರ ಮುದುಕಿ, ಮಗ ಬ್ರೆಡ್ ವ್ಯಾನ್ ತೆಗೆದುಕೊಂಡು ಊರು ಸುತ್ತಲು ಹೋದಮೇಲೆ ಮನೆಯಲ್ಲಿ ಒಬ್ಬಳೇ. ಹೆಬ್ಬೆಟ್ಟಕ್ಕ ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡಳು.

"ನಾನು ಬಾಲ್ಕನಿಲಿ ಇದೀನಿ" ಎಂದಳು ಅತ್ತೆ.

"ಇರಿ ಅತ್ತೆ, ಈಗ ಕೆಲಸ."

"ಇರೋದೇ ಆಗಿದೆ. ಬಟ್ಟೆ ಹಾಕೋಕೆ ಬಂದೆ, ಗಾಳಿಗೆ ಬಾಗಿಲು ಬಡೀತು, ಒಳಗಡೆ ಚಿಲಕ ಬಿದ್ಬಿಟ್ಟಿದೆ. ಒಲೆ ಮೇಲೆ ಹಾಲಿಟ್ಟಿದೀನಿ."

ಹೆಬ್ಬೆಟ್ಟಕ್ಕನ ದನಿ ಏರಿತು. "ಒಲೆ ಉರೀತಿದ್ಯಾ?"

"ಉರೀದೆ ಹಾಲು ಹೇಗೆ ಕಾಯುತ್ತೆ?"

"ಸುಮ್ನಿರಿ, ಗಾಬರಿ ಬೀಳ್ಬೇಡಿ" ಎಂದು ತಾನೇ ಗಾಬರಿ ಬಿದ್ದು ಹೇಳಿದಳು. "ಬಾಲ್ಕನಿ ಕಡೆ ಇರೋ ಅಡಿಗೆಮನೆ ಕಿಟಕಿ ತೆಗೆದಿದೆಯಲ್ಲ? ಬಟ್ಟೆ ಹಾಕೋ ಕೋಲು ತಗೊಳ್ಳಿ. ಕಿಟಕಿಯೊಳಗೆ ಬಿಡಿ. ಎಡಕ್ಕೆ. ಎಡಕ್ಕೆ ಅಂದ್ರೆ ಬಾಗಿಲ ಕಡೆ. ಚಿಲಕದ ಕೆಳಗೆ ಕೊಟ್ಟು ಮೇಲಕ್ಕೆ ಎತ್ತಿ."

"ಕೋಲು ಭಾರ ಕಣೇ."

"ಭಾರ ಇರ್ಲಿ, ಎತ್ತಿ. ಕಿಟಕಿಯಿಂದ ಹತ್ತೋಕೆ ಮಾತ್ರ ಹೋಗ್ಬೇಡಿ, ನನ್ನಾಣೆ."

ಇಷ್ಟೆಲ್ಲ ಹೇಳುವಾಗಲೂ ಅವಳ ಬಲಗೈ ಹೆಬ್ಬೆರಳು ಹಳೆಯ ಅಭ್ಯಾಸದಂತೆ ತನ್ನ ಪಾಡಿಗೆ 'ನಿಲ್ಲಿಸು' ಒತ್ತುತ್ತಲೇ ಇತ್ತು. ಒಂದು ಕಾರ್ಡು ಜಾರಿ ಹೋಯಿತು. ಜಾರುಬಂಡೆ ಎದ್ದು ನಿಂತ. ಇನ್ನೊಂದು ಜಾರಿತು.

"ಅಕ್ಕಾ" ಎಂದ ಯಜಮಾನ.

ಹೆಬ್ಬೆಟ್ಟಕ್ಕ ಎಡಗೈ ಎತ್ತಿ ಅವನನ್ನು ಸುಮ್ಮನಿರಿಸಿದಳು. "ಕೋಲು ತಾಕ್ತಾ? ಸ್ವಲ್ಪ ಮೇಲೆ. ನಿಧಾನ." ಮೂರನೆಯದು ಜಾರಿತು, ನಾಲ್ಕನೆಯದು. ಯಜಮಾನ ಬಾಯಿ ತೆರೆದುಕೊಂಡು ಪರದೆ ನೋಡುತ್ತಿದ್ದ. ಆಚೆಯಿಂದ ಠಪ್ಪೆಂದು ಸದ್ದು, ಆಮೇಲೆ ಅತ್ತೆಯ ದನಿ: "ತೆಗೀತು. ಒಳಗೆ ಬಂದೆ. ಒಲೆ ಆರ್ಸಿದೆ. ಹಾಲು ಪೂರ್ತಿ ಹೋಯ್ತು."

"ಹೋದ್ರೆ ಹೋಗ್ಲಿ ಬಿಡಿ" ಎಂದು ಹೆಬ್ಬೆಟ್ಟಕ್ಕ ಫೋನಿಟ್ಟಳು. ಕಣ್ಣೊರೆಸಿಕೊಂಡು ನೋಡಿದರೆ ಸುತ್ತ ಉಳಿದ ಆರೂ ಮೇಜಿನವರು ನೆರೆದಿದ್ದರು. ಗೆದ್ದಿದ್ದು ಗೊತ್ತಿಲ್ಲದವಳು ಅವಳೊಬ್ಬಳೇ.

ಟ್ಯಾಬ್ಲೆಟ್ಟಿನೊಳಗೆ ಪ್ರತಿ ಸ್ಪರ್ಶವೂ ದಾಖಲಾಗಿತ್ತು. ಜಾರುಬಂಡೆ ಓದಿ ಹೇಳಿದ: ಫೋನು ಬಂದಮೇಲೆ ಹನ್ನೊಂದು ಸಲ ಒತ್ತಿದ್ದಾಳೆ, ಒಂಬತ್ತು ಸಲ ಕಾರ್ಡು ಜಾರಿದೆ. ಗಮನವಿಲ್ಲದೆ ಒತ್ತುವಾಗ ಹೆಬ್ಬೆರಳು ಸಾಸಿವೆಕಾಳಿನಷ್ಟು ಹೊರಳುತ್ತದೆ, ಆ ಸಾಸಿವೆಕಾಳಿಗೇ ಕಾರ್ಡು ಹಾತೊರೆದು ಹೊರಡುತ್ತದೆ.

"ಆ ಪ್ರೋಗ್ರಾಂ ಯಾಕೆ ಹಿಡೀಲಿಲ್ಲ?" ಎಂದು ಯಜಮಾನ ಕೇಳಿದ.

"ಅದು ಗುಂಡಿಯ ನಟ್ಟನಡುವೆ ಒತ್ತುತ್ತೆ ಸಾರ್, ಕೂದಲೆಳೆಯಷ್ಟೂ ಅಲುಗಾಡಲ್ಲ" ಎಂದ ಜಾರುಬಂಡೆ. "ಅದಕ್ಕೆ ಒಲೆ ಮೇಲೆ ಹಾಲಿಲ್ಲ."

"ಕೆಂಪು ಕಾಲುಚೀಲ ಕಂಡವರು ಗುಂಡಿ ನೋಡ್ಕೊಂಡು ಒತ್ತಲ್ಲ" ಎಂದಳು ಹೆಬ್ಬೆಟ್ಟಕ್ಕ. "ಕಣ್ಣು ಕಾಲುಚೀಲದ ಮೇಲೇ ಇರುತ್ತೆ."

ಸಂಜೆಯೊಳಗೆ ಜಾರುಬಂಡೆ ತಿದ್ದಿದ. ಗುಂಡಿಯ ಮೇಲೆ ಬಿದ್ದ ಬೆರಳು ಇನ್ನು ಗುಂಡಿಯದೇ, ಕಾರ್ಡು ಅದಕ್ಕೆ ಕೈ ಹಾಕುವಂತಿಲ್ಲ. ಗುಂಡಿಯ ಹೊರಗೆ ಬಿದ್ದರೂ ಬೆರಳು ಒಂದು ಉಗುರಿನಗಲ ಸಾಗುವ ತನಕ ಕಾರ್ಡು ಕಾಯಬೇಕು. "ಮೊದಲಿನಷ್ಟು ನುಣ್ಣಗೆ ಇಲ್ಲ" ಎಂದು ಅವನು ಸ್ವಲ್ಪ ಮುಖ ಸಣ್ಣ ಮಾಡಿಕೊಂಡ. ಯಜಮಾನ ಹೋಗುವಾಗ ಹೆಬ್ಬೆಟ್ಟಕ್ಕನ ಕುರ್ಚಿಯ ಬೆನ್ನನ್ನು ತಟ್ಟಿ, "ಇದು ಇಲ್ಲೇ ಇರುತ್ತೆ" ಎಂದ.

ಮನೆಯಲ್ಲಿ ಸೀದ ಹಾಲಿನ ವಾಸನೆ ಇನ್ನೂ ಹೋಗಿರಲಿಲ್ಲ. ತಳ ಕರಿ ಹಿಡಿದ ಪಾತ್ರೆ ನೀರಲ್ಲಿ ನೆನೆಯುತ್ತಿತ್ತು. ಹೆಬ್ಬೆಟ್ಟಕ್ಕ ತೋಳು ಮಡಿಚಿ ಅದನ್ನು ಉಜ್ಜುತ್ತಾ, ನಿಮ್ಮಿಂದ ನನ್ನ ಕೆಲಸ ಉಳಿಯಿತು ಎಂದು ಅತ್ತೆಗೆ ಇಡೀ ಕತೆ ಹೇಳಿದಳು. ಅತ್ತೆ ಖುಷಿಪಡುತ್ತಾಳೆ ಎಂದುಕೊಂಡಿದ್ದಳು. ಅತ್ತೆ ಮುಖ ಊದಿಸಿದಳು.

"ಅಂದ್ರೆ, ನಾನು ಅಲ್ಲಿ ಸಿಕ್ಕಾಕೊಂಡು ಒದ್ದಾಡ್ತಿದ್ರೆ ನೀನು ಆರಾಮಾಗಿ ಗುಂಡಿ ಒತ್ಕೊಂಡು ಕೂತಿದ್ದೆ."

"ಸರಿಯಾಗಿ ಒತ್ತಿದ್ರೆ ಆ ಮಾತು ಹೇಳಿ ಅತ್ತೆ. ಅದಕ್ಕೆ ಮುಂಚೆ ನಲವತ್ತು ಸಲ ಸರಿಯಾಗಿ ಒತ್ತಿದ್ದೆ. ನಿಮ್ಮ ಫೋನ್ ಬಂದ್ಮೇಲೆ ಹನ್ನೊಂದರಲ್ಲಿ ಒಂಬತ್ತು ತಪ್ಪು."

ಅತ್ತೆ ಲೆಕ್ಕದಲ್ಲಿ ಗಟ್ಟಿ. "ಇನ್ನೆರಡು?"

"ಯಾವ ಎರಡು?"

"ಹನ್ನೊಂದರಲ್ಲಿ ಒಂಬತ್ತು ಹೋದ್ರೆ ಎರಡು ಉಳೀತಲ್ಲ. ಆ ಎರಡು ಸಲ ನನ್ನ ಮೇಲೆ ಗಮನ ಇರ್ಲಿಲ್ವಾ?"

ಹೆಬ್ಬೆಟ್ಟಕ್ಕ ಕೈ ನಿಲ್ಲಿಸಿ ನೆನಪು ಮಾಡಿಕೊಂಡಳು. ದಾಖಲೆಯಲ್ಲಿ ಪ್ರತಿ ಸ್ಪರ್ಶದ ಹೊತ್ತೂ ಇತ್ತು, ಅವಳೇ ನೋಡಿದ್ದಳು.

"ಅವೆರಡೂ ಕೊನೇವು" ಎಂದಳು. "ನೀವು ಒಳಗೆ ಬಂದೆ ಅಂದ್ಮೇಲೆ ಒತ್ತಿದ್ದು."

ಅತ್ತೆ ಸೊಸೆಯ ಕೈಯಿಂದ ಪಾತ್ರೆ ಕಿತ್ತುಕೊಂಡು ತಾನೇ ಉಜ್ಜತೊಡಗಿದಳು.