ರೆಕ್ಕೆಯ ಎಂಟು ತೂತುಗಳು

ಮಾವ ಎರಡನೆಯ ಮಹಾಯುದ್ಧಕ್ಕೆ ಹೊರಟಾಗ ಅಜ್ಜಿ ಮಗನಿಂದ ಒಂದೇ ಮಾತು ತೆಗೆದುಕೊಂಡಿದ್ದರಂತೆ: ಆಯುಧ ಮುಟ್ಟಬಾರದು. ನಮ್ಮದು ಜೈನರ ಮನೆ. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನೂ ಅಜ್ಜಿ ಮೆಲ್ಲನೆ ಬಾವಿಗೇ ಬಿಡುತ್ತಿದ್ದರು. ವಿಮಾನದಳದಲ್ಲಿ ತನಗೆ ಎಂಜಿನಿನ ಕೆಲಸ ಎಂದು ಮಾವ ಕಾಗದ ಬರೆದರು. ಯುದ್ಧ ಮುಗಿದು ಊರಿಗೆ ಬಂದ ಮೇಲೆ ಬಂಟ್ವಾಳದಲ್ಲಿ ಬಸ್ಸು ರಿಪೇರಿಗೆ ಸೇರಿಕೊಂಡದ್ದರಿಂದ ಆ ಮಾತನ್ನು ಯಾರೂ ಅನುಮಾನಿಸಲಿಲ್ಲ. ಅದು ಸುಳ್ಳೆಂದು ಬಯಲಾದದ್ದು ನನ್ನಿಂದ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಮೂಡಬಿದ್ರಿಯ ನಮ್ಮ ಹೈಸ್ಕೂಲಿನಲ್ಲಿ ವಸ್ತುಪ್ರದರ್ಶನವಿತ್ತು. ಯುದ್ಧದ ವಿಮಾನವೊಂದನ್ನು ಮಾಡೋಣವೆಂದು ನಾನು ಮಾವನಿಗೆ ಗಂಟುಬಿದ್ದೆ. ಅವರು ಎರಡು ಭಾನುವಾರ ಮಾತು ಹಾರಿಸಿದರು. ಮೂರನೆಯ ಭಾನುವಾರ ಹಾಲೆಮರದ ತುಂಡೊಂದನ್ನು ಹಿಡಿದುಕೊಂಡು ಬಂದರು.

ನಿಜವಾದ ವಿಮಾನದ ಒಂದಡಿಗೆ ನಮ್ಮದು ಅರ್ಧ ಇಂಚು. ರೆಕ್ಕೆಯ ತುದಿಯಿಂದ ತುದಿಗೆ ಇಪ್ಪತ್ತು ಇಂಚು. ನಕ್ಷೆ ಇರಲಿಲ್ಲ, ಎಲ್ಲ ಅವರ ತಲೆಯಲ್ಲೇ ಇತ್ತು. ಅವರು ಕೆತ್ತಿದರು, ನಾನು ಮರಳುಕಾಗದದಲ್ಲಿ ಉಜ್ಜಿದೆ. ಬಡಗಿಗಳು ಬಳಸುವ 'ವಜ್ರ' ಎಂಬ ಅಂಟು ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ಮಾಡಿದ್ದು, ಅದು ನಮ್ಮ ಹೊಸ್ತಿಲು ದಾಟುವ ಹಾಗಿರಲಿಲ್ಲ. ಗೇರುಮರದ ಗೋಂದಿನಲ್ಲಿ ಅಂಟಿಸಿದೆವು. ಮಳೆಗಾಲದ ತೇವಕ್ಕೆ ಗೋಂದು ಬಿಟ್ಟು ರೆಕ್ಕೆ ಮೂರು ಸಲ ಕಳಚಿಬಿತ್ತು. ನನಗೋ ಮೂಗಿನ ಮೇಲೆ ಸಿಟ್ಟು, ಒಮ್ಮೆ ಎತ್ತಿ ಅಂಗಳಕ್ಕೆ ಎಸೆದೆ. ಮಾವ ಹೆಕ್ಕಿಕೊಂಡು ಬಂದು ಬಿದಿರಿನ ಮೊಳೆ ಹೊಡೆದು ಮತ್ತೆ ಕೂರಿಸಿದರು.

ಬಣ್ಣವೂ ಆಯಿತು. ಆದರೆ ರೆಕ್ಕೆಯಲ್ಲಿ ಬಂದೂಕಿನ ಬಾಯಿಗಳೇ ಇರಲಿಲ್ಲ. ಹಳೆಯ ಪತ್ರಿಕೆಯೊಂದರ ಚಿತ್ರ ತೋರಿಸಿ, ಬಂದೂಕಿಲ್ಲದ ಇದು ಯಾವ ಸೀಮೆಯ ಯುದ್ಧವಿಮಾನ ಎಂದು ಕೇಳಿದೆ. ಅದೆಲ್ಲ ಬೇಡ ಎಂದರು. ನಾನು ಕೇಳುವವಳೇ? ಅವರು ಊಟಕ್ಕೆ ಎದ್ದಾಗ ದಬ್ಬಣ ಕಾಯಿಸಿ, ಎಡರೆಕ್ಕೆಯಲ್ಲಿ ದೂರ ದೂರಕ್ಕೆ ನಾಲ್ಕು ತೂತು ಸುಟ್ಟೆ.

ಮಾವ ಬಂದು ನೋಡಿದರು. ಬೈಯಲಿಲ್ಲ. ತಪ್ಪು ಕೆಲಸ ಕಂಡರೆ ಕೈ ಸುಮ್ಮನಿರದ ಮನುಷ್ಯ ಅವರು.

"ಹೀಗಲ್ಲ ಮಾರಾಯ್ತಿ. ನಾಲ್ಕೂ ಒತ್ತೊತ್ತಿಗೆ ಉಂಟು. ಮೇಲಿನ ಮುಚ್ಚಳ ತೆಗೆದರೆ ಒಂದೇ ಕಡೆ ನಿಂತು ನಾಲ್ಕಕ್ಕೂ ಗುಂಡಿನ ಪಟ್ಟಿ ಇಳಿಸಬಹುದು."

ಹೇಳಿದ ಮೇಲೆ ತಲೆಯೆತ್ತಿದರು. ಬಾವಿಕಟ್ಟೆಯಲ್ಲಿ ಅಜ್ಜಿ ಸೋಸಿದ ಬಟ್ಟೆ ಹಿಡಿದುಕೊಂಡು ನಿಂತಿದ್ದರು.

"ಎಂಜಿನು ಅಂತ ಬರೆದಿದ್ದೆಯಲ್ಲ?"

"ಎಂಜಿನು ಬೇರೆಯವರದ್ದು, ಅಮ್ಮ. ಗುಂಡು ತುಂಬಿಸುವುದು ನನ್ನದು."

"ಎಷ್ಟು ಬಂದೂಕಿಗೆ?"

"ಎಂಟಕ್ಕೂ."

ಅಜ್ಜಿ ಬಟ್ಟೆಯನ್ನು ಬಾವಿಗೆ ಇಳಿಬಿಟ್ಟು ಜಾಲಾಡಿಸಿ, ಹಿಂಡದೆ ಒಣಹಾಕಿ ಒಳಗೆ ಹೋದರು. ಒಂದು ಬೈಗುಳ ಕೇಳಿದ್ದರೆ ಸಾಕಿತ್ತು ಎಂದು ನನಗೆ ಆಗ ಅನಿಸಿತು, ಈಗಲೂ ಅನಿಸುತ್ತದೆ. ಮಾವ ದಬ್ಬಣ ತೆಗೆದುಕೊಂಡು ನನ್ನ ತೂತುಗಳಿಗೆ ಮರದ ಹುಡಿ ತುಂಬಿ ಮುಚ್ಚಿದರು. ಆಮೇಲೆ ಎರಡೂ ರೆಕ್ಕೆಗಳಲ್ಲಿ ಎಂಟು ತೂತುಗಳನ್ನು ಇರಬೇಕಾದ ಜಾಗದಲ್ಲೇ ಸುಟ್ಟರು.

ಪ್ರದರ್ಶನ ಮುಗಿದ ಮೇಲೆ ವಿಮಾನವನ್ನು ಚಾವಡಿಯ ಜಂತಿಗೆ ತೂಗುಹಾಕಿದೆವು. ಇಳಿಸಿ ಎಂದು ಅಜ್ಜಿ ಯಾವತ್ತೂ ಹೇಳಲಿಲ್ಲ. ಬೆಳಿಗ್ಗೆ ಒಂದು ಸುತ್ತು ಜಪಮಾಲೆ ತಿರುಗಿಸುತ್ತಿದ್ದವರು ಅದರ ಮೇಲೆ ಇನ್ನೂ ಎಂಟು ಸೇರಿಸಿ ಒಂಬತ್ತು ಸುತ್ತು ತಿರುಗಿಸತೊಡಗಿದರು. ಗಂಜಿ ತಣಿಯುತ್ತಿತ್ತು. ನಾನು ಗೊಣಗಿದರೆ ಅಮ್ಮ ಕಣ್ಣು ಬಿಡುತ್ತಿದ್ದಳು. ಅಜ್ಜಿ ತೀರಿಕೊಳ್ಳುವವರೆಗೂ ಅದು ಒಂಬತ್ತೇ. ಭಾನುವಾರ ಮಾವ ಬಂದರೆ, ಕೊನೆಯ ಸುತ್ತು ಮುಗಿಯುವ ತನಕ ಹೊರಗೆ ಮೆಟ್ಟಿಲ ಮೇಲೆಯೇ ಕೂತಿರುತ್ತಿದ್ದರು.